ಗೇಟಿನೊಳಗೆ ನಿಂತ ಗಾಡಿ

ಇದನ್ನು ಯಾರಿಗೂ ಹೇಳಬೇಡ ಎಂದು ನನ್ನ ಅತ್ತೆ ಇವತ್ತಿಗೂ ಬೈಯುತ್ತಾರೆ. ಸುಳ್ಳು ಅಂತ ಅಲ್ಲ. ಆ ರಾತ್ರಿ ಬಾಗಿಲ ಅಗುಳಿಯ ಮೇಲೆ ಅವರ ಕೈಯೇ ಇತ್ತು... ನಡೆದದ್ದು ನಿಜವೆಂದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತು.

ನಮ್ಮ ಮನೆ ಹಗರಿಬೊಮ್ಮನಹಳ್ಳಿಯ ಹೊರಗೆ, ಕೊಟ್ಟೂರಿನ ರಸ್ತೆಗೆ ಅಂಟಿಕೊಂಡಿದೆ. ಎದುರಿಗೆ ಜೋಳದ ಹೊಲ. ನನ್ನ ಗಂಡ ಕೊಟ್ರೇಶ್ ಸಣ್ಣದೊಂದು ಗೂಡ್ಸ್ ಗಾಡಿ ಓಡಿಸುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅಂಗಳದಲ್ಲಿ ನಿಲ್ಲಿಸಿದ್ದ ಗಾಡಿಯ ಬ್ಯಾಟರಿಯನ್ನು ಯಾರೋ ಬಿಚ್ಚಿಕೊಂಡು ಹೋದ ಮೇಲೆ ನಮ್ಮ ಗೋಡೆಗೆ ಕ್ಯಾಮೆರಾ ಬಂತು.

ಗಾಡಿ ಬಂದರೆ ನನ್ನ ಫೋನು ಟಿಣ್ ಎನ್ನಬೇಕು. ಆದರೆ ನಾಯಿ ಬಂದರೂ ಟಿಣ್, ಹುಳ ಹಾರಿದರೂ ಟಿಣ್. ನಿಜವಾದ ಗಾಡಿ ಬಂದಾಗ ಮಾತ್ರ ಸದ್ದೇ ಇಲ್ಲ! ಹೆಡ್‌ಲೈಟು ನೇರ ಹೊಡೆದು ಕ್ಯಾಮೆರಾಕ್ಕೆ ಏನೂ ಕಾಣುತ್ತಿರಲಿಲ್ಲ.

ಕ್ಯಾಮೆರಾ ಹಾಕಿದ್ದ ಮಂಜು ಮತ್ತೆ ಬಂದ. ಅದರ ಮೂತಿಯನ್ನು ಸ್ವಲ್ಪ ಕೆಳಗೆ ಬಾಗಿಸಿದ, ಜೇಡರ ಬಲೆ ಒರೆಸಿದ, ಫೋನಿನಲ್ಲಿ ಅಂಗಳದ ಜಾಗಕ್ಕೆ ಮಾತ್ರ ಗೆರೆ ಎಳೆದ.

"ಇನ್ನ ಗಾಡಿ ಬಂದ್ರ ಮಾತ್ರ ಕೂಗ್ತೈತಿ ನೋಡ್ರಿ ಅಕ್ಕಾ. ಗಾಡಿ ಸುತ್ತ ಹಸಿರು ಚೌಕ ಬೀಳ್ತೈತಿ. ನಾಕು ದಿನ ಈ ಕ್ಯಾಮೆರಾನ ನನ್ನ ಫೋನಿನ್ಯಾಗೂ ಇಟ್ಕೊಂಡಿರ್ತೀನಿ, ಸರಿ ನಡೀತೈತೋ ಇಲ್ಲೋ ನೋಡಾಕ."

ಸರಿಯಾಗಿಯೇ ನಡೆಯಿತು. ಆ ರಾತ್ರಿಯವರೆಗೆ.

ಕೊಟ್ರೇಶ್ ಈರುಳ್ಳಿ ಹೇರಿಕೊಂಡು ದಾವಣಗೆರೆಗೆ ಹೋಗಿದ್ದರು. ಅತ್ತೆ ಸಂಜೆ ಅಂಗಳ ಸಾರಿಸಿ, ಗೇಟಿಗೆ ಬೀಗ ಹಾಕಿ, ಉಂಡು ಮಲಗಿದ್ದರು. ಮದುವೆ ಮನೆಯವರ ಬ್ಲೌಸುಗಳು ಬಾಕಿ ಇದ್ದವು, ನಾನು ಮಷಿನ್ ಮುಂದೆ ಕೂತಿದ್ದೆ.

ಟಿಣ್.

ಇಷ್ಟು ಬೇಗ ಬಂದರಾ ಎಂದುಕೊಂಡು ಫೋನು ತೆಗೆದೆ. ಅಂಗಳ ಖಾಲಿ. ಗೇಟಿನ ಬೀಗ ಹಾಗೇ ಇತ್ತು. ಆದರೆ ಗಾಡಿ ನಿಲ್ಲುವ ಜಾಗದಲ್ಲಿ, ಬರೀ ನೆಲದ ಮೇಲೆ, ಹಸಿರು ಚೌಕ... ಅದು ಅಲುಗಾಡುತ್ತಲೂ ಇರಲಿಲ್ಲ.

ಮತ್ತೆ ಕೆಟ್ಟಿತು ಎಂದು ಮಂಜುಗೆ ಫೋನ್ ಹಚ್ಚಿದೆ.

"ಮತ್ತ ಜೇಡರ ಬಲಿ ಕಟ್ಟಿರಬೇಕು ತಗೀರಿ ಅಕ್ಕಾ," ಎಂದು ಆಕಳಿಸಿದ. "ತಡೀರಿ, ನಾನೂ ನೋಡ್ತೀನಿ."

ತನ್ನ ಫೋನಿನಲ್ಲಿ ನಮ್ಮ ಕ್ಯಾಮೆರಾ ತೆರೆದ.

"ಏನೂ ಕೆಟ್ಟಿಲ್ಲಲ್ರಿ. ಕೊಟ್ರೇಶಣ್ಣನ ಗಾಡಿ ನಿಂತೈತಿ."

"ಎಲ್ಲಿ ನಿಂತೈತೋ? ಅಂಗಳ ಖಾಲಿ ಐತಿ!"

"ಅಕ್ಕಾ... ನನಗ ಕಾಣಾಕತ್ತೈತಿ. ಅಣ್ಣನ ಗಾಡೀನ. ಮುಂದಿನ ಗಾಜು ಪೂರಾ ಒಡದೈತಲ್ಲ, ಏನಾತ್ರಿ?"

ಆಗಲೇ ವಾಸನೆ ಬಂತು... ಕಿಟಕಿಯ ಸಂದಿಯಿಂದ, ಕಾದ ಡೀಸೆಲ್ಲಿನ ವಾಸನೆ. ಹಿಂದೆಯೇ ಕೊಳೆತ ಈರುಳ್ಳಿಯ ಘಾಟು.

"ಯಾರೋ ಇಳ್ಯಾಕತ್ಯಾರ ಅಕ್ಕಾ," ಎಂದ ಮಂಜು ಪಿಸುದನಿಯಲ್ಲಿ. ಮರುಕ್ಷಣ, "ಅಯ್ಯೋ..." ಎಂದವನು ಫೋನ್ ಇಟ್ಟುಬಿಟ್ಟ.

ಹೊರಗೆ ಗಾಡಿಯ ಬಾಗಿಲು ದಬ್ ಎಂದು ಮುಚ್ಚಿದ ಸದ್ದು. ಸಾರಿಸಿದ ನೆಲದ ಮೇಲೆ ಚಪ್ಪಲಿಯ ಸರಪರ. ನಮ್ಮ ಬಾಗಿಲವರೆಗೆ ಬಂದು ನಿಂತಿತು.

"ಅವ್ವಾ... ಬಾಗ್ಲ ತಗೀಬೇ."

ನನ್ನ ಗಂಡನ ದನಿ! ಆದರೆ ಬಾಯಿ ತುಂಬ ಏನೋ ಇಟ್ಟುಕೊಂಡು ಮಾತಾಡಿದ ಹಾಗೆ.

ಅತ್ತೆ ದಡಬಡ ಎದ್ದರು. "ಕೊಟ್ರ ಬಂದ. ಸುಮ್ನ ಕುಂತೀಯಲ್ಲವ್ವ, ಹುಡುಗ ಹೊರಗ ನಿಂತಾನ," ಎನ್ನುತ್ತಾ ಹೋಗಿ ಅಗುಳಿಯ ಮೇಲೆ ಕೈ ಇಟ್ಟರು.

ಅಷ್ಟರಲ್ಲಿ ನನ್ನ ಕೈಯ ಫೋನು ರಿಂಗಾಯಿತು. ಪರದೆಯ ಮೇಲೆ ಕೊಟ್ರೇಶ್ ಹೆಸರು.

"ಹರಪನಹಳ್ಳಿ ದಾಟಿ ಬದಿಗೆ ಹಾಕೇನಿ," ಎಂದರು. "ಭಾಳ ನಿದ್ದಿ ಬರಾಕತ್ತಿತ್ತು. ಗಾಡ್ಯಾಗ ಸ್ವಲ್ಪ ಮಲಗಿ ಹೋಗ್ತೀನಿ. ನೀವು ಉಂಡ್ರಿಲ್ಲೋ?"

ನಾನು ಓಡಿ ಅತ್ತೆಯ ಮುಂಗೈ ಹಿಡಿದುಕೊಂಡೆ. "ಹೊರಗ ಗಾಡಿ ಬಂದೈತ್ರಿ... ನಿಮ್ಮ ದನೀಲೆ ಕರ್ಯಾಕತ್ತೈತಿ..." ಎಂದು ಫೋನಿಗೆ ಹೇಳಿದೆ.

ಫೋನಿನಲ್ಲಿ ಅವರ ಮಾತು ಒಮ್ಮೆಲೇ ಕಲ್ಲಿನಂತಾಯಿತು. "ತಗೀಬ್ಯಾಡ. ನಾನಾ ಬಂದು ಕರದ್ರೂ ಬೆಳಗಾಗೂತನ ತಗೀಬ್ಯಾಡ."

ಫೋನನ್ನು ಅತ್ತೆಯ ಕಿವಿಗೆ ಹಿಡಿದೆ. ಒಂದು ಕಿವಿಯಲ್ಲಿ ಮಗ ಹರಪನಹಳ್ಳಿಯಿಂದ ಮಾತಾಡುತ್ತಿದ್ದ. ಅದೇ ಹೊತ್ತಿಗೆ ಬಾಗಿಲಾಚೆಯಿಂದ, "ಅವ್ವಾ, ಥಂಡಿ ಆಗಾಕತ್ತೈತಿ..."

ಅತ್ತೆಯ ಕೈ ಅಗುಳಿಯಿಂದ ತಾನಾಗಿಯೇ ಜಾರಿತು. ಇಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ಕೂತೆವು. ಹಲಗೆಯ ಮೇಲೆ ಉಗುರು ಎಳೆದಂತೆ ಮೆಲ್ಲಗೆ ಸದ್ದು... ಎಷ್ಟು ಹೊತ್ತು ಎಂದು ಹೇಳಲಾರೆ. ಹಾಲಿನವನ ಸೈಕಲ್ ಬೆಲ್ ಕೇಳಿಸಿದಾಗ ಮಾತ್ರ ಅದು ಯಾವಾಗಲೋ ನಿಂತಿದೆ ಎಂದು ಅರಿವಾಯಿತು.

ಬಾಗಿಲು ತೆಗೆದು ನೋಡಿದರೆ ಅಂಗಳದಲ್ಲಿ ಟೈರಿನ ಗುರುತು. ಬೀಗ ಹಾಕಿದ ಗೇಟಿನ ಕೆಳಗಿನಿಂದ ಒಳಗೆ ಬಂದಿತ್ತು. ಹೊರಗೆ ಹೋದ ಗುರುತು ಇರಲಿಲ್ಲ.

ಕೊಟ್ರೇಶ್ ಮಧ್ಯಾಹ್ನ ಕ್ಷೇಮವಾಗಿ ಬಂದರು. ಆ ಗುರುತು ನೋಡಿ ಕೊಡಗಟ್ಟಲೆ ನೀರು ಸುರಿದು ತಾವೇ ಅಂಗಳ ತೊಳೆದರು. ಕ್ಯಾಮೆರಾದಲ್ಲಿ ಆ ರಾತ್ರಿಯದು ಉಳಿದಿತ್ತು. ನೋಡಿದೆವು. ಖಾಲಿ ಅಂಗಳ, ಹಸಿರು ಚೌಕ, ಅಷ್ಟೇ.

ಸಂಜೆ ಮಂಜು ಬಂದ. ಗೇಟಿನೊಳಗೆ ಕಾಲಿಡಲಿಲ್ಲ. "ಇಳದವ್ರು ಯಾರು? ಹೇಳೋ," ಎಂದು ಕೇಳಿದೆ.

"ಬ್ಯಾಡ್ರಿ ಅಕ್ಕಾ. ಕೈ ಮುಗೀತೀನಿ, ಕೇಳಬ್ಯಾಡ್ರಿ."

ಇದಾಗಿ ಬಹಳ ದಿನವಾಯಿತು. ಮಂಜು ನನಗೆ ಇಂದಿಗೂ ಹೇಳಿಲ್ಲ. ಆದರೆ ಸಂತೆಯಲ್ಲಿ ನಾವು ಗಂಡ ಹೆಂಡತಿ ಎದುರಾದರೆ ಅವನು ಮೊದಲು ನನ್ನ ಗಂಡನ ತೋಳು ಹಿಡಿದು ನೋಡುತ್ತಾನೆ, ಬೆಚ್ಚಗಿದೆಯೇ ಎಂಬಂತೆ... ಆಮೇಲೆ ಮಾತಾಡುತ್ತಾನೆ.