ಹುಯಿಯಾಳ ಮಾಸು

ನ್ಯೂಜಿಲೆಂಡಿನಲ್ಲಿ ನದಿ ಸಮುದ್ರ ಸೇರುವ ಆ ಊರಿನಲ್ಲಿ ಮೆರೆಯಾನಾಳನ್ನು ಹೊಗಳದವರಿಲ್ಲ. ಸಾವಿನ ಮನೆಗೆ ಮೊದಲು ಹೋಗುವವಳು ಅವಳು, ಊರ ಸಭಾಮನೆಯ ಅಡುಗೆಕೋಣೆಯಿಂದ ಕೊನೆಗೆ ಹೊರಬೀಳುವವಳೂ ಅವಳೇ. ಆದರೆ ಅವಳಿಗೊಂದು ವಿಚಿತ್ರ ಹಟವಿತ್ತು. ಅವಳ ಮನೆಯ ಫ್ರೀಜರಿಗೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ. "ಒಳಗೇನು ಹೆಣ ಬಚ್ಚಿಟ್ಟಿದ್ದೀಯಾ ಅತ್ತೆ?" ಎಂದು ನೆಂಟರ ಹುಡುಗರು ರೇಗಿಸುತ್ತಿದ್ದರು. ಅವಳಿಗೆ ನಗು ಬರುತ್ತಿರಲಿಲ್ಲ.

ಆ ಹಟ ಅವಳಿಗೆ ಅಂಟಿದ್ದು ಸಿಂಗಾಪುರದಲ್ಲಿ. ಎಪ್ಪತ್ತರ ದಶಕದಲ್ಲಿ ನ್ಯೂಜಿಲೆಂಡಿನ ಒಂದು ಪಡೆ ಅಲ್ಲಿ ಬೀಡುಬಿಟ್ಟಿತ್ತು. ಗಂಡ ತಾಮಾಟಿ ಅದರಲ್ಲಿ ಕಾರ್ಪೊರಲ್. ಸೈನ್ಯದ ಸಾಲುಮನೆಗಳ ಬದುಕು ಹೆಸರಿಗೆ ಸಂಸಾರ. ಗಂಡಸರು ಮಲೇಷಿಯಾದ ಕಾಡುಗಳಲ್ಲಿ ಕವಾಯತಿಗೆ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಮಗಳು ಹುಯಿಯಾ ಹುಟ್ಟಿದಾಗಲೂ ಅವನು ಕಾಡಿನಲ್ಲೇ ಇದ್ದ. ಪಕ್ಕದ ಮನೆಯ ಗ್ಲೆನಿಸ್ ಎಂಬ ಬಿಳಿಯಳು ಮೆರೆಯಾನಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಮಿಲಿಟರಿ ಆಸ್ಪತ್ರೆಗೆ ಓಡಿದಳು. ಒಳ್ಳೆಯ ಹೆಂಗಸು. ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಹೆರಿಗೆಗೆ ಮೊದಲೇ ಅತ್ತೆ ಕುಯಿನಿ ಊರಿನಿಂದ ಬರುವ ಸಿಪಾಯಿಯೊಬ್ಬನ ಕೈಲಿ ಹೇಳಿಕಳಿಸಿದ್ದಳು: "ಮಗೂನ ಮಾಸನ್ನ ಅಲ್ಲೆಲ್ಲೂ ಬಿಟ್ಟು ಬರಬೇಡ. ನಮ್ಮೋರದೆಲ್ಲಾ ನಮ್ಮ ಮರದ ಬುಡದಲ್ಲೇ ಇರೋದು. ಮಣ್ಣಿಗೆ ಕೊಡದಿದ್ರೆ ಮಗು ನೆಲೆ ಇಲ್ಲದೆ ಅಲೀತದೆ." ದಾದಿ ಮೂಗು ಮುರಿದರೂ ಮಗುವಿನ ಹಿಂದೆಯೇ ಹೊರಬಿದ್ದ ಮಾಸನ್ನು ಕಟ್ಟಿ ಕೊಟ್ಟಳು. ಮೆರೆಯಾನಾ ಅದನ್ನು ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟಳು. ವರ್ಗವಾದಾಗ ಸೈನ್ಯದ ವಿಮಾನದಲ್ಲೇ ಒಯ್ಯಬಹುದಿತ್ತು. ಸಾಮಾನು ಹೇರುವವನು ಅವರ ಕುಲದವನೇ. "ನಾನು ಏನೂ ನೋಡಿಲ್ಲ ಅಕ್ಕ" ಎಂದು ಆಗಲೇ ಕಣ್ಣು ಮಿಟುಕಿಸಿದ್ದ.

ಒಂದು ಮಧ್ಯಾಹ್ನ ಐಸು ಕೇಳಲು ಬಂದ ಗ್ಲೆನಿಸ್ ತಾನೇ ಫ್ರೀಜರು ತೆಗೆದು ಡಬ್ಬಿಯ ಮುಚ್ಚಳ ಎತ್ತಿದಳು. "ಇದೇನೇ ಇದು, ಕೆಂಪಗೆ?"

ಹೇಳಿಬಿಡಬಹುದಿತ್ತು. ಆದರೆ ಆ ಸಾಲಿನಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ ಮನೆ ಅವಳದೊಂದೇ. ಅವರ ಹಾಡು, ನೆಲದೊಳಗೆ ಬೇಯಿಸುವ ಮಾಂಸ, ಇವನ್ನೆಲ್ಲ ಚಪ್ಪರಿಸುತ್ತಿದ್ದ ಹೆಂಗಸರೇ ಚಹಾಕ್ಕೆ ಕೂತಾಗ "ಅವರ ಮೂಢನಂಬಿಕೆಗಳೋ, ದೇವರೇ!" ಎಂದು ಕಿಸಿಕಿಸಿ ನಗುವುದನ್ನು ಅವಳು ಕೇಳಿದ್ದಳು.

"ಮೀನಿನ ಗಾಳಕ್ಕೆ ಇಟ್ಟಿದ್ದು. ತಾಮಾಟಿದು" ಎಂದಳು.

"ಅಯ್ಯೋ, ನನ್ನ ಗಂಡ ರಾಸ್‌ಗೂ ಇದೇ ಹುಚ್ಚು ಕಣೇ!" ಎಂದು ಗ್ಲೆನಿಸ್ ಐಸು ತೆಗೆದುಕೊಂಡು ಹೋದಳು.

ವರ್ಗದ ಆಜ್ಞೆ ಬಂತು. ಸಾಲುಮನೆಯ ಹೆಂಗಸರಿಗೆ ಶತ್ರುವಿಗಿಂತ ಹೆಚ್ಚಿನ ಭಯ ಮನೆ ಒಪ್ಪಿಸುವ ದಿನದ್ದು. ಬಿಳಿ ಕೈಗವಸಿನ ಅಧಿಕಾರಿ ಬಾಗಿಲಿನ ಮೇಲ್ಪಟ್ಟಿಗೂ ಬೆರಳಾಡಿಸಿ ನೋಡುತ್ತಾನೆ. ಗವಸು ಕಪ್ಪಾದರೆ ಮರುದಿನ ಇಡೀ ಸಾಲಿಗೆ ಸುದ್ದಿ. ಅಲ್ಲಿ ಇನ್ನೊಂದು ರೂಢಿಯೂ ಇತ್ತು. ಹೊರಡುವವರ ಫ್ರಿಜ್ಜಿನಲ್ಲಿ ಉಳಿದದ್ದೆಲ್ಲ ನೆರೆಯವರ ಪಾಲು. ಕೇಳಬೇಕಾಗಿಲ್ಲ, ಹೇಳಬೇಕಾಗಿಲ್ಲ. ಮೆರೆಯಾನಾಳೇ ಹೀಗೆ ಎಷ್ಟೋ ಮನೆಯ ಬೆಣ್ಣೆ, ಸಾಸೇಜು ತಂದು ತಿಂದಿದ್ದಳು. ಆದರೂ ಅಂದು ಅವಳಿಗೆ ಅದು ಹೊಳೆಯಲಿಲ್ಲ. 'ಮಾವೊರಿಯವಳ ಮನೆ ಕೊಳಕು' ಎಂದು ಯಾರೂ ಅನ್ನಬಾರದು ಎಂಬುದೊಂದೇ ಅವಳ ತಲೆಯಲ್ಲಿತ್ತು. ಮಲಗುವ ಕೋಣೆಯಲ್ಲಿ ಸ್ಟೂಲು ಹತ್ತಿ ಬಾಗಿಲಪಟ್ಟಿ ತಿಕ್ಕುತ್ತಿದ್ದಳು.

ಗ್ಲೆನಿಸ್ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಅಡುಗೆಮನೆ ಚಿಂತೆ ಬಿಡು. ಫ್ರಿಜ್ಜು ನಾನೇ ಖಾಲಿ ಮಾಡಿ ಒರೆಸಿದೀನಿ."

"ಡಬ್ಬಿ?"

"ಗಾಳದ್ದಾ? ರಾಸ್ ತಗೊಂಡು ಜೆಟ್ಟಿಗೆ ಹೋದ. ನಿಮಗಿನ್ನು ಯಾಕೆ ಅದು?"

ಮೆರೆಯಾನಾ ಕೈಯಲ್ಲಿದ್ದ ಬಟ್ಟೆಯನ್ನೂ ಬಿಡದೆ ಓಡಿದಳು. ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯ ತುದಿಯಲ್ಲಿ ರಾಸ್ ಗಾಳದ ಕೋಲು ಹಿಡಿದು ಕೂತಿದ್ದ. ಪಕ್ಕದ ಬಕೆಟ್ಟಿನಲ್ಲಿ ಮೀನು ಒದ್ದಾಡುತ್ತಿದ್ದವು. ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದ.

"ಭರ್ಜರಿ ಮಾಲು ಕಣಮ್ಮಾ! ಹಾಕೋದೇ ತಡ, ಕಚ್ಚಿದವು. ತಗೋ, ಎರಡು ಒಯ್ಯಿ."

ಆಗಲೂ ಅವಳಿಗೆ ಬಾಯಿ ಬರಲಿಲ್ಲ. "ಬೇಡ ರಾಸ್, ಪ್ಯಾಕಿಂಗ್ ಇದೆ" ಎಂದು ಖಾಲಿ ಡಬ್ಬಿಯನ್ನಷ್ಟೇ ಎತ್ತಿಕೊಂಡು ಬಂದಳು. ಸಂಜೆ ಅಧಿಕಾರಿ ಮನೆಯೆಲ್ಲ ತಡಕಿ, "ಇಷ್ಟು ಚೊಕ್ಕಟ ಮನೆ ನಾನು ನೋಡೇ ಇಲ್ಲ" ಎಂದು ಸಹಿ ಹಾಕಿದ.

ಗಂಡನಿಗೂ ಹೇಳಲಿಲ್ಲ. ಹೇಳುವುದು ಹೇಗೆ, ಮಗಳ ಮಾಸನ್ನು ಮೀನಿಗೆ ಹಾಕಿದೆ ಎಂದೇ? ನ್ಯೂಜಿಲೆಂಡಿಗೆ ಬಂದಿಳಿದು ಊರಿಗೆ ಹೋಗುವ ದಾರಿಯಲ್ಲಿ ಪೇಟೆಯ ಕಸಾಯಿ ಅಂಗಡಿಯಲ್ಲಿ ಕುರಿಯ ಲಿವರ್ ಕೊಂಡು, ಅದೇ ಡಬ್ಬಿಗೆ ತುಂಬಿ, ಮೇಲೆ ಬಿಗಿಯಾಗಿ ಬಟ್ಟೆ ಸುತ್ತಿದಳು. ಮರದ ಬುಡದಲ್ಲಿ ಕುಯಿನಿ ಗುಂಡಿ ತೋಡಿ, ಹಾರೆ ಹಿಡಿದು ಕಾಯುತ್ತಿದ್ದಳು. ಸೊಸೆ ಕೊಟ್ಟ ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು ಮೊಳಕಾಲೂರಿದಳು. ಮಗುವಿನ ವಂಶ, ನದಿ, ಬೆಟ್ಟ ಎಲ್ಲವನ್ನೂ ಹೆಸರು ಹಿಡಿದು ಕರೆದು ಪ್ರಾರ್ಥಿಸುವಾಗ ಅವಳ ಗಲ್ಲದ ಮೇಲೆ ನೀರು ಇಳಿಯಿತು. ನೆಂಟರೆಲ್ಲ ಅತ್ತರು. ಮೆರೆಯಾನಾ ಎಲ್ಲರಿಗಿಂತ ಜೋರಾಗಿ ಅತ್ತಳು. ಬಾಣಂತಿಯ ಮನಸ್ಸು ಮೆತ್ತಗೆ ಎಂದುಕೊಂಡು ಎಲ್ಲರೂ ಅವಳ ಬೆನ್ನು ಸವರಿದರು.

ಹುಯಿಯಾ ಒಂದು ಕಡೆ ನಿಂತವಳಲ್ಲ. ಹದಿನೇಳಕ್ಕೆ ಊರು ಬಿಟ್ಟಳು. ಆಕ್ಲೆಂಡ್, ಸಿಡ್ನಿ ಎಂದು ಸುತ್ತಿ ಕೊನೆಗೆ ಆಸ್ಟ್ರೇಲಿಯಾದ ಗಣಿಯಲ್ಲಿ ಲಾರಿ ಓಡಿಸತೊಡಗಿದಳು. ಬೇರೆಯವರ ಮಕ್ಕಳೂ ಹೋದರು, ಅದು ಕಾಲದ ಗುಣ. ಆದರೆ ಮೆರೆಯಾನಾಳ ಮನಸ್ಸು ಒಪ್ಪಬೇಕಲ್ಲ? ಕುಯಿನಿ ಸಾಯುವವರೆಗೂ ಸೊಸೆಯನ್ನು ಸಮಾಧಾನಪಡಿಸುತ್ತಲೇ ಇದ್ದಳು: "ಬರ್ತಾಳೆ ಬಿಡು ಮಗಳೇ. ಅವಳದು ಇಲ್ಲಿದೆಯಲ್ಲ." ಪ್ರತಿ ಸಲವೂ ಮೆರೆಯಾನಾ "ಹೂಂ ಅತ್ತೆ" ಎನ್ನುತ್ತಿದ್ದಳು. ತಾಮಾಟಿಯೂ ಏನೂ ತಿಳಿಯದೆಯೇ ಹೋದ.

ವಯಸ್ಸು ಮೀರುವ ಹೊತ್ತಿಗೆ ಹುಯಿಯಾಗೆ ಗಂಡುಮಗುವಾಯಿತು. ಹೆರಿಗೆಗೆ ಅವಳು ತವರಿಗೇ ಬಂದಳು. ವಾರದ ಮೇಲೆ ಮಗುವನ್ನು ಜೋಲಿಯಲ್ಲಿ ಕಟ್ಟಿಕೊಂಡು, ಮಾಸಿನ ಬುಟ್ಟಿ ಹಿಡಿದು ತಾಯಿಯೊಂದಿಗೆ ಮರದ ಬಳಿ ನಿಂತಳು.

"ನಂದು ಎಲ್ಲಿದೆ ತೋರಿಸಮ್ಮಾ. ಇವನದು ಅದರ ಪಕ್ಕಕ್ಕೇ ಇರಲಿ."

ಮೆರೆಯಾನಾ ಹಾರೆಯನ್ನು ಮರಕ್ಕೆ ಒರಗಿಸಿದಳು. ಜೆಟ್ಟಿಯಲ್ಲಿ ಬಾರದ ಬಾಯಿ ಈಗ ಬಂತು. ಗಾಳ, ಬಕೆಟ್ಟು, ಲಿವರ್, ಎಲ್ಲವನ್ನೂ ಹೇಳಿದಳು. ಹುಯಿಯಾ ಮೊದಲು ನಕ್ಕಳು, ತಮಾಷೆಯೆಂದುಕೊಂಡು. ಆಮೇಲೆ ಬುಟ್ಟಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಅಜ್ಜಿಗೆ ಗೊತ್ತಿತ್ತಾ?"

"ಇಲ್ಲ."

"ನಾನು ಸಿಡ್ನಿಯಿಂದ ಫೋನ್ ಮಾಡಿದಾಗಲೆಲ್ಲ ಹೇಳೋಳು. ದಿನಾ ಬೆಳಗ್ಗೆ ಇಲ್ಲಿಗೆ ಬಂದು ನಿನ್ನ ಮಾತಾಡಿಸ್ತೀನಿ ಅಂತ." ಹುಯಿಯಾ ಮರದ ಬುಡದತ್ತ ಕೈ ತೋರಿದಳು. "ಯಾರನ್ನಮ್ಮಾ ಮಾತಾಡಿಸ್ತಿದ್ದಳು ಅವಳು?"

ಹುಯಿಯಾ ಹಾರೆಯನ್ನು ತಾನೇ ತೆಗೆದುಕೊಂಡಳು. "ಇವನದನ್ನ ನಾನು ಮುಚ್ತೀನಿ. ನೀನು ಹೋಗಿ ಅಜ್ಜಿಗೆ ಹೇಳಿ ಬಾ."

ಕುಯಿನಿಯ ಸಮಾಧಿ ಹಿಂದಿನ ಗುಡ್ಡದ ಮೇಲಿತ್ತು. ಮೆರೆಯಾನಾ ಏದುಸಿರು ಬಿಡುತ್ತ ಹತ್ತಿದಳು. ಕಲ್ಲಿನ ಮೇಲೆ ಪಾಚಿ ಕಟ್ಟಿತ್ತು. ಕೈ ಅಭ್ಯಾಸಬಲದಿಂದ ಅದನ್ನು ಒರೆಸಲು ಹೋಯಿತು. ಅರ್ಧಕ್ಕೇ ಕೈ ಹಿಂದಕ್ಕೆಳೆದುಕೊಂಡು, ಹುಲ್ಲಿನ ಮೇಲೆ ಕುಕ್ಕರಿಸಿ, ಬಾಯಿ ತೆರೆದಳು.

"ಅತ್ತೆ, ಅದು ಕುರಿದು."