ಬೀಗರೆಂದು ಬಂದ ಸಾಹೇಬರು

ಎಪ್ಪತ್ತರ ದಶಕದಲ್ಲಿ ನಾವು ಹುಮನಾಬಾದಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಧಾನ್ಯದ ಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಯುಗಾದಿಯೊಳಗೆ ಮನೆ ಖಾಲಿ ಮಾಡಿ ಎಂದು ಮಾಲಕರು ಹೇಳಿಬಿಟ್ಟಿದ್ದರು. ಕಡಿಮೆ ಆದಾಯದವರಿಗೆಂದು ಸರ್ಕಾರ ಕಟ್ಟಿಸುತ್ತಿದ್ದ ಮನೆಯೊಂದಕ್ಕೆ ಅಪ್ಪ ಸದ್ದಿಲ್ಲದೆ ಅರ್ಜಿ ಹಾಕಿದ. ಅವ್ವನಿಗೆ ಹೇಳಲಿಲ್ಲ. ಹೇಳಿದರೆ ಅವಳು ಅಂದೇ ದೇವರ ಮಾಡ ಯಾವ ಗೋಡೆಗೆ ಎಂದು ಶುರುಮಾಡುತ್ತಾಳೆ, ಸಿಗದಿದ್ದರೆ ಸಪ್ಪಗಾಗುತ್ತಾಳೆ ಎಂಬ ಅಳುಕು ಅವನಿಗೆ.

ಅದೇ ಹೊತ್ತಿಗೆ ನನಗೆ ಬಸವಕಲ್ಯಾಣದ ಸಂಬಂಧವೊಂದು ಕೇಳಿಬಂದಿತ್ತು. ನಮ್ಮ ಕಡೆ ಹೆಣ್ಣು ನೋಡಲು ಬರುವ ಮೊದಲು ಗಂಡಿನವರು ಏನಾದರೂ ನೆಪ ಹೇಳಿ ಒಬ್ಬರನ್ನು ಕಳಿಸುವ ರೂಢಿ. ಬಂದವರು ಕುಡಿಯಲು ನೀರು ಕೇಳುತ್ತಲೇ ಅಡುಗೆಮನೆಯ ತನಕ ಕಣ್ಣು ಹಾಯಿಸಿ ಹೋಗುತ್ತಿದ್ದರು. ಹೀಗಾಗಿ ಒಂದು ಮಧ್ಯಾಹ್ನ ಅಪರಿಚಿತರೊಬ್ಬರು ಬಾಗಿಲಲ್ಲಿ ನಿಂತು, "ಬಸವಕಲ್ಯಾಣದಿಂದ ಬಂದೀನ್ರಿ. ನಿಮ್ಮ ಮನಿ ಪರಿಸ್ಥಿತಿ ಸ್ವಲ್ಪ ಕೇಳಬೇಕಿತ್ತು" ಎಂದಾಗ ಅವ್ವನಿಗೆ ಬೇರೆ ಯೋಚನೆಯೇ ಬರಲಿಲ್ಲ.

ನನ್ನನ್ನು ಹಿತ್ತಲಿಗೆ ಅಟ್ಟಿದಳು. ಪಕ್ಕದ ಮನೆಯ ಹಿತ್ತಾಳೆ ಕೊಡಗಳು ಗೋಡೆ ಹಾರಿ ಬಂದು ನಮ್ಮ ಅಡುಗೆಮನೆಯಲ್ಲಿ ಕುಳಿತವು. ಚಹಾಕ್ಕೆ ಏಲಕ್ಕಿ ಬಿತ್ತು.

"ಮುಡಬಿಯೊಳಗ ಹೊಲ ಅದ್ರಿ. ಜ್ವಾಳ, ತೊಗರಿ ಮನಿಗೇ ಬರ್ತಾವ. ಇವರ ಪಗಾರ ಏನ್ರಿ, ಕೈಖರ್ಚಿಗಿ ಅಷ್ಟ" ಎಂದಳು ಅವ್ವ.

ಆ ಹೊಲ ನನ್ನ ಸೋದರಮಾವನದು. ಅವ್ವ ಅಂದು ಮಾತಿನಲ್ಲೇ ಅದರಲ್ಲಿ ಬಾವಿಯನ್ನೂ ತೋಡಿಸಿಬಿಟ್ಟಳು. ಬಂದವರು ಎಲ್ಲವನ್ನೂ ಬರೆದುಕೊಂಡರು. ಬೀಗರು ಭಾಳ ಶಿಸ್ತಿನವರು ಎಂದು ಅವಳು ಹಿಗ್ಗಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಈ ಕತೆಗೆ ಯಾರಾದರೂ ನಕ್ಕರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವಳು ಮಾಡಿದ್ದೆಲ್ಲ ನನ್ನ ಸಲುವಾಗಿ.

ಸಂಜೆ ಅಪ್ಪ ಅವರನ್ನೇ ಕರೆದುಕೊಂಡು ಬಂದ. ಅವರು ಅರ್ಜಿ ವಿಚಾರಿಸಲು ಬಸವಕಲ್ಯಾಣದ ಕಚೇರಿಯಿಂದ ಬಂದ ಸರ್ಕಾರಿ ಸಾಹೇಬರು. ಹೊಲ ಇದ್ದವರಿಗೆ ಈ ಮನೆ ಹೇಗೆ ಕೊಡಬೇಕೆಂದು ಪೇಟೆಯಲ್ಲಿ ಅಪ್ಪನನ್ನು ಕೇಳಿದ್ದರಂತೆ. ವಿಷಯ ತಿಳಿದು ಅವ್ವನ ಮುಖ ಇಳಿಯಿತು. 'ನಮ್ಮಲ್ಲಿಲ್ಲ' ಎಂಬ ಮಾತನ್ನು ಎಂದೂ ಹೊಸ್ತಿಲು ದಾಟಿಸಿದವಳಲ್ಲ.

"ಹೊಲ ನಮ್ಮ ಅಣ್ಣಂದ್ರಿ. ಕೊಡ ಬಾಜೂ ಮನಿವು" ಎಂದಳು.

"ಮಧ್ಯಾಹ್ನ ಒಂದು ಹೇಳ್ತೀರಿ, ಈಗ ಒಂದು ಹೇಳಾಕತ್ತೀರಿ. ಯಾವುದು ನಂಬಲಿ ಅಮ್ಮ?" ಎಂದರು ಸಾಹೇಬರು.

ಅವ್ವ ಒಳಗೆ ಹೋಗಿ ಜೋಳದ ದೊಡ್ಡ ಡಬ್ಬಿಯ ಮುಚ್ಚಳ ತೆಗೆದಳು. "ಬಂದು ನೋಡ್ರಿ."

ತಳದಲ್ಲಿ ಒಂದಿಷ್ಟು ನುಚ್ಚಿತ್ತು, ಅಷ್ಟೇ. ಸಾಹೇಬರು ಬರೆದದ್ದನ್ನು ತಿದ್ದಿಕೊಂಡು ಹೋದರು. ಮುಂದೆ ಮನೆ ನಮಗೇ ಸಿಕ್ಕಿತು. ಆದರೆ ಆ ಸಂಜೆ ಅಪ್ಪ ಡಬ್ಬಿಯ ಮುಂದಿನಿಂದ ಕದಲಲಿಲ್ಲ. ಅವನ ತಾಟಿಗೆ ದಿನವೂ ಬೇಕಾದಷ್ಟು ಬಿಸಿ ರೊಟ್ಟಿ ಬೀಳುತ್ತಿತ್ತು. ತನ್ನ ಪಗಾರದಲ್ಲಿ ಮನೆ ನಡೆಯುತ್ತಿದೆ ಎಂದೇ ಅವನು ನಂಬಿದ್ದ.

"ನನಗರೆ ಯಾಕ ಹೇಳಲಿಲ್ಲ?" ಎಂದ.

"ಹೇಳಿದ್ರ ನೀವು ಇನ್ನೊಂದು ರೊಟ್ಟಿ ಹಾಕಿಸ್ಕೋತಿದ್ದಿಲ್ಲ" ಎಂದಳು ಅವ್ವ.