ಕಬ್ಬಿಗೆ ಬೆಂಕಿ, ಊರೆಲ್ಲ ಲೈವ್

ಗೆಳೆಯರೇ, ಇವತ್ತು ಕನ್ನೊಳ್ಳಿಯಲ್ಲಿ ನಮ್ಮ ರಸೂಲ್ ಚಾಚಾನ ಕಬ್ಬಿಗೆ ಬೆಂಕಿ ಬಿತ್ತು. ಸಿಂದಗಿಯಿಂದ ಬಂದ ಫೈರ್ ಎಂಜಿನ್ನಿನ ನೀರು ಅರ್ಧಕ್ಕೇ ಮುಗಿಯಿತು. ಇನ್ನೊಂದು ಗಾಡಿ ಕರೆಸಲು ಫೈರ್‌ನವರು ಫೋನ್ ಹಚ್ಚಿದರೆ ಹತ್ತಲೇ ಇಲ್ಲ. ಬದುವಿನ ತುಂಬ ನಿಂತು ಊರೇ ಫೋನಿನಲ್ಲಿ ಲೈವ್ ವಿಡಿಯೋ ಮಾಡುತ್ತಿತ್ತು, ನಾನೂ ಸೇರಿ.

"ನೆಟ್‌ವರ್ಕ್ ಎಲ್ಲಾ ನೀವ ತಿಂದ್ರ ನಾವ್ ಹೆಂಗ್ ಮಾತಾಡೂಣ್ರಿ? ಲೈವ್ ಬಂದ್ ಮಾಡ್ರಿ!" ಎಂದು ಫೈರ್‌ನವರು ಕೂಗಿದರು.

ಚಾಚಾ ನೇರವಾಗಿ ನನ್ನ ಹತ್ತಿರವೇ ಬಂದರು. "ನನ್ನ ಕಬ್ಬು ಸುಡಾಕತ್ತೈತಿ, ನೀ ಯಾರ ಜೋಡಿ ಹರಟಿ ಹೊಡ್ಯಾಕತ್ತೀಯೋ?"

"ಹರಟಿ ಅಲ್ಲ ಚಾಚಾ! ಫೈರ್‌ನವರಿಗೆ ಬ್ಯಾರೆ ನೆಟ್‌ವರ್ಕ್ ಬೇಕಂತ ಮಂದಿಗೆ ಲೈವ್‌ನ್ಯಾಗ ತಿಳಿಸಾಕತ್ತೇನಿ!"

"ಮೊದಲ ಈಗ ಇದ್ದ ನೆಟ್‌ವರ್ಕ್ ಅವರಿಗೆ ಬಿಡು, ಶಾಣ್ಯಾ!"

ಎಲ್ಲರೂ ಫೋನ್ ಕಿಸೆಗೆ ಹಾಕಿದೆವು. ಕರೆ ಹೋಯಿತು, ಎರಡನೇ ಗಾಡಿ ಬಂತು, ಅರ್ಧ ಕಬ್ಬು ಉಳಿಯಿತು. ಫೈರ್‌ನವರಿಗೆ ಬೇರೆ ನೆಟ್‌ವರ್ಕ್ ಬೇಕೇ ಬೇಕು, ಮುಖ್ಯವಾಗಿ ಅವರ ಪರವಾಗಿ ಲೈವ್ ಮಾಡುವ ನನ್ನಂಥ ಅಭಿಮಾನಿಗಳ ಕಾಟ ತಪ್ಪಿಸಿಕೊಳ್ಳಲು.